ಹದಿನೆಂಟನೆಯ ಫ್ರಿಲ್

ಸಿದ್ಧಕಟ್ಟೆಯ ರುಕ್ಮಯ್ಯ ಟೈಲರನಿಗೆ ಆ ಮದುವೆಗೆ ಹೋಗುವ ಯೋಚನೆಯೇ ಇರಲಿಲ್ಲ. ಅವನಿಗೆ ಕರೆಯೂ ಇರಲಿಲ್ಲ. ಆದದ್ದೆಲ್ಲ ಐದು ಮೀಟರ್ ಮೆರೂನ್ ಸ್ಯಾಟಿನ್ನಿನ ಒಂದು ಫ್ರಿಲ್ಲಿನಿಂದ.

ಮದುವೆ ಸಂಕಪ್ಪ ಶೆಟ್ಟರ ಅಕ್ಕನ ಮಗ ಶೋಧನನದು. ಹುಡುಗ ದೋಹಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಅಲ್ಲಿಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕ್ಲಾರಾ ಎಂಬ ಅಮೆರಿಕದ ಹುಡುಗಿಯನ್ನು ಮೆಚ್ಚಿದ್ದ. ಅಕ್ಕನ ಮನೆ ಬೆಳ್ತಂಗಡಿಯಲ್ಲಿ, ಶೆಟ್ಟರ ಮನೆ ಸಿದ್ಧಕಟ್ಟೆಯಲ್ಲಿ, ಮದುವೆಯ ಹಾಲ್ ಮೂಡುಬಿದಿರೆಯಲ್ಲಿ. ಸೋದರಮಾವನೆಂದ ಮೇಲೆ ಯಜಮಾನಿಕೆ ಪೂರ್ತಿ ಶೆಟ್ಟರದು. ಹಾಲಿನವರು ಟೇಬಲುಗಳಿಗೆ ಕಟ್ಟುವ ಫ್ರಿಲ್ಲಿನಲ್ಲಿ ಹಿಂದಿನ ಮದುವೆಯ ಸಾಂಬಾರಿನ ಕಲೆ ಇರುತ್ತದೆಂದು ಅವರು ಹೊಸತನ್ನೇ ಹೊಲಿಸಿದ್ದರು. ರುಕ್ಮಯ್ಯ ಹದಿನೇಳು ಫ್ರಿಲ್ ಹೊಲಿದು, ಶನಿವಾರವೇ ಕೊಟ್ಟು, ಕೈ ತೊಳೆದುಕೊಂಡಿದ್ದ. ಇಷ್ಟೆಲ್ಲ ಹೊಲಿದವನಿಗೆ ಮದುವೆಯ ಕಾಗದ ಕೊಡಲು ಮಾತ್ರ ಶೆಟ್ಟರಿಗೆ ಮರೆತುಹೋಗಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಶೆಟ್ಟರ ಫೋನ್ ಬಂತು. ಟೇಬಲ್ ಹದಿನೆಂಟು ಉಂಟು, ಒಂದು ಬರಿಗಾಲಲ್ಲಿ ನಿಂತಿದೆ, ನೋಡಿದವರು ಎಂತ ಹೇಳಿಯಾರು ಎಂದು. ರುಕ್ಮಯ್ಯ ಎದ್ದವನೇ ಮೆಶಿನಿನ ಮುಂದೆ ಕೂತ. ಒಂದೊಂದು ನೆರಿಗೆ ಒಂದೊಂದು ಬೆರಳಿನಗಲ, ಕಟ್ಟುವ ಲಾಡಿಗೆ ಎರಡೆರಡು ಹೊಲಿಗೆ. ಆನೆ ಎಳೆದರೂ ಹರಿಯಬಾರದು ಎಂಬುದು ಅವನ ಅಂಗಡಿಯ ಮಾತು. ಏಳೂವರೆಗೆ ಮುಗಿಸಿ, ಲುಂಗಿಯಲ್ಲೇ ಬಸ್ಸಿಗೆ ಹೊರಟವನನ್ನು ಹೆಂಡತಿ ಹರಿಣಾಕ್ಷಿ ತಡೆದಳು. ಮದುವೆ ಹಾಲಿಗೆ ಹೋಗುವಾಗ ಮನುಷ್ಯರ ಹಾಗೆ ಹೋಗಬೇಕು ಎಂದು ಬಿಳಿ ಷರಟು, ಜರಿಯಂಚಿನ ಪಂಚೆ ತೆಗೆದುಕೊಟ್ಟಳು. ಅವನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಕತೆ ಮುಂದೆ ಹೋಗುವ ಮೊದಲು ರುಕ್ಮಯ್ಯನ ಒಂದು ಹುಚ್ಚಿನ ವಿಷಯ ಹೇಳಬೇಕು. ಎಂಟು ವರ್ಷಗಳ ಹಿಂದೆ ಅವನ ಮೆಶಿನ್ ಕೆಟ್ಟಿತ್ತು. ಪಕ್ಕದ ಮೊಬೈಲ್ ಅಂಗಡಿಯ ಲತೇಶ್ ಅವನ ಫೋನಿನಲ್ಲಿ ಪೆಡಲ್, ಮೊಣಕಾಲು, ರಿಪೇರಿ ಎಂದೆಲ್ಲ ಬರೆದು ಹುಡುಕಿಕೊಟ್ಟ. ರಿಪೇರಿ ಬರಲಿಲ್ಲ, ಟೊಪ್ಪಿ ಹಾಕಿದ ಒಬ್ಬ ಬಿಳಿ ಮುದುಕ ಬಂದ. ನಾಲ್ಕು ಕಾಲಿನ ಸಣ್ಣ ಮೇಜಿನಂಥದ್ದರ ಮುಂದೆ ಕೂತಿದ್ದ. ಮೇಜಿನ ಮೇಲೆ ಸಾಲಾಗಿ ತಂತಿಗಳು. ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ಬಲಗೈಯಿಂದ ಮೀಟುತ್ತಿದ್ದ. ಪೆಡಲ್ ಸ್ಟೀಲ್ ಗಿಟಾರ್ ಎಂದು ಅದರ ಹೆಸರು, ನುಡಿಸುವವನ ಹೆಸರು ಎಲ್ಡನ್ ಮರ್ಸರ್ ಎಂದು ಲತೇಶ್ ಓದಿ ಹೇಳಿದ. ಅತ್ತು ಮುಗಿಸಿದವರು ಮುಖ ತೊಳೆದುಕೊಂಡು ಸಣ್ಣಗೆ ನಗುತ್ತಾರಲ್ಲ, ಆ ನಾದ ಹಾಗಿತ್ತು. ರುಕ್ಮಯ್ಯ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡುವುದನ್ನೂ ಮರೆತು ಕೇಳಿದ.

ಅಂದಿನಿಂದ ದಿನ ಸಂಜೆ ಅಂಗಡಿ ಮುಚ್ಚುವ ಮೊದಲು ಎಲ್ಡನ್ನನ ಒಂದು ಪದ್ಯ ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಒಂದು ಕೊರಗು ಉಳಿದಿತ್ತು. ಆ ವಾದ್ಯದ ಕೆಳಗೆ ಪೆಡಲುಗಳು ಉಂಟು, ಮೊಣಕಾಲಿನಿಂದ ತಳ್ಳುವ ಲಿವರುಗಳು ಉಂಟು. ರುಕ್ಮಯ್ಯನ ಮೆಶಿನಿಗೂ ಉಂಟು. ಮೊಣಕಾಲಿನಿಂದ ಒತ್ತಿದರೆ ಬಟ್ಟೆ ಹಿಡಿದ ಕಬ್ಬಿಣದ ಪಾದ ಎದ್ದು ನಿಲ್ಲುತ್ತದೆ. ಮೂವತ್ತು ವರ್ಷ ಕಾಲಿನಿಂದಲೇ ಅನ್ನ ಸಂಪಾದಿಸಿದ ಅವನಿಗೆ ಗೊತ್ತಿತ್ತು, ಕೈ ಯಾರದ್ದಾದರೂ ಓಡುತ್ತದೆ, ಕಸುಬು ಇರುವುದು ಕಾಲಿನಲ್ಲಿ ಎಂದು. ಎಲ್ಡನ್ನನ ಕ್ಯಾಮರಾ ಮಾತ್ರ ಎಂಟು ವರ್ಷವೂ ಕೈ ಮತ್ತು ಟೊಪ್ಪಿ ಬಿಟ್ಟು ಕೆಳಗಿಳಿಯಲಿಲ್ಲ.

ಕಾಲಿನಲ್ಲಿ ಎಂತದೂ ಇಲ್ಲ, ಸುಮ್ಮನೆ ತಾಳಕ್ಕೆ ಕುಣಿಸುವುದು ಎಂದು ಲತೇಶ್ ವಾದಿಸುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದು ರುಕ್ಮಯ್ಯ ಅವನಿಂದಲೇ ಕಲಿತು ಪ್ರತಿ ವಿಡಿಯೋದ ಕೆಳಗೆ ಅಂಗಡಿಯ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆಯತೊಡಗಿದ: "ನೈಸ್ ಸರ್. ಪ್ಲೀಸ್ ಶೋ ಲೆಗ್. ನ್ಯೂ ಸ್ಟೈಲ್ ಟೈಲರ್ಸ್." ಯಾರೋ ನಾಲ್ಕು ಅಮೆರಿಕದವರು ಅದರ ಕೆಳಗೆ ಬಿದ್ದು ಬಿದ್ದು ನಕ್ಕರು. ಎಲ್ಡನ್ ಒಂದು ಕೆಂಪು ಹೃದಯ ಒತ್ತುತ್ತಿದ್ದ, ಅಷ್ಟೆ. ಸಾಯುವುದರೊಳಗೆ ಆ ಕಾಲು ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ರುಕ್ಮಯ್ಯನ ಆಸೆಯಾಗಿ ಉಳಿಯಿತು. ಕಾಶಿಗೆ ಹೋಗಬೇಕೆಂದು ಕೂಡ ಅವನಿಗೆ ಇಷ್ಟು ಆಸೆ ಇರಲಿಲ್ಲ.

ಈಗ ಹಾಲಿಗೆ ಬರುವ. ಎಂಟೂವರೆಗೆ ರುಕ್ಮಯ್ಯ ಫ್ರಿಲ್ಲನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರೆ ಡೆಕೋರೇಷನ್ನಿನ ನಿತೇಶ್ ಟೇಬಲುಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದ. ಹದಿನೇಳೇ ಇದ್ದದ್ದು. ಶೆಟ್ಟರು ಎಣಿಸುವಾಗ ಐಸ್‌ಕ್ರೀಮಿನ ಪೆಟ್ಟಿಗೆಯನ್ನೂ ಟೇಬಲಿನ ಲೆಕ್ಕಕ್ಕೆ ಸೇರಿಸಿದ್ದರು. ರುಕ್ಮಯ್ಯನಿಗೆ ಸಿಟ್ಟು ಬಂದರೂ ಶೆಟ್ಟರ ಮುಂದೆ ಬರುವ ಸಿಟ್ಟು ಅದಲ್ಲ. ಫ್ರಿಲ್ಲನ್ನು ಒಂದು ಕುರ್ಚಿಯ ಮೇಲಿಟ್ಟು, ಒಂದು ಕಾಫಿ ಕುಡಿದು ಮುಂದಿನ ಬಸ್ಸಿಗೆ ಹೋಗುವುದೆಂದು ತಿರುಗಿದ.

ಅಷ್ಟರಲ್ಲಿ ಶೆಟ್ಟರೇ ಎದುರು ಬಂದರು. ಮುಖ ಬಾಡಿತ್ತು. ಹೆಣ್ಣಿನ ಕಡೆಯಿಂದ ಬಂದವರು ಅಪ್ಪ, ಅಮ್ಮ, ಒಬ್ಬಳು ಗೆಳತಿ, ಮೂರೇ ಜನ. ಹೆಣ್ಣಿನ ಸೋದರಮಾವನಿಗೆ ವೀಸಾ ಸಿಗಲಿಲ್ಲವೆಂದು ನಿನ್ನೆಯಷ್ಟೇ ಗೊತ್ತಾಗಿತ್ತು. ಶೆಟ್ಟರ ಕುಟುಂಬದಲ್ಲಿ ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ಮಂಟಪ ಹತ್ತಿದ ದಾಖಲೆಯೇ ಇಲ್ಲ. ಪುರೋಹಿತರು ಯಾರನ್ನಾದರೂ ಆ ಜಾಗಕ್ಕೆ ನಿಲ್ಲಿಸಬಹುದು ಎಂದಿದ್ದರು, ಆದರೆ ಗಂಡಿನ ಕಡೆಯವರು ಆಗುವುದಿಲ್ಲ. ಶೆಟ್ಟರು ರುಕ್ಮಯ್ಯನ ಪಂಚೆಯನ್ನು, ಷರಟನ್ನು ಒಮ್ಮೆ ನೋಡಿದರು.

"ರುಕ್ಮಯ್ಯ, ನಿನಗೆ ನಾನು ಕಾಗದ ಕೊಟ್ಟಿದ್ದೇನಾ?"

ಇಲ್ಲ ಶೆಟ್ರೆ, ಅದಕ್ಕೇನಂತೆ ಎಂದು ರುಕ್ಮಯ್ಯ ಸಂಕೋಚದಿಂದ ಹೇಳಿದ.

"ಅದೇ ನಾನು ಹೇಳುದು. ಈ ಹಾಲಲ್ಲಿ ಇರುವ ಎಲ್ಲರಿಗೂ ಕಾಗದ ಕೊಟ್ಟದ್ದು ನಾವು. ಹಾಗಾಗಿ ಎಲ್ಲರೂ ಗಂಡಿನ ಕಡೆ. ಕಾಗದ ಇಲ್ಲದೆ ಬಂದವನು ನೀನೊಬ್ಬನೇ. ನೀನು ಹೆಣ್ಣಿನ ಕಡೆ ಅಲ್ಲದೆ ಮತ್ತೆ ಯಾವ ಕಡೆ?"

ಈ ತರ್ಕಕ್ಕೆ ಉತ್ತರ ಕೊಡಲು ಹೈಕೋರ್ಟಿನ ವಕೀಲನೇ ಬೇಕು. ರುಕ್ಮಯ್ಯ ಅಂಗಡಿಯಲ್ಲಿ ನಾಲ್ಕು ರವಿಕೆ ಬಾಕಿ ಉಂಟು, ನಾಳೆ ಕೊಡಲಿಕ್ಕುಂಟು ಎಂದು ತೊದಲುತ್ತಾ ಬಾಗಿಲ ಕಡೆಗೆ ಸರಿಯುತ್ತಿದ್ದ. ಆಗ ಹೆಣ್ಣಿನ ಕೋಣೆಯ ಬಾಗಿಲು ತೆರೆದು ಹೆಣ್ಣಿನ ಅಪ್ಪ ಹೊರಗೆ ಇಣುಕಿದ. ಅದೇ ಟೊಪ್ಪಿ. ಅದೇ ಬಿಳಿ ಮೀಸೆ. ಎಂಟು ವರ್ಷ ಅಂಗೈಯಗಲದ ಗಾಜಿನಲ್ಲಿ ಕಂಡ ಮುಖ ಆರಡಿ ಎತ್ತರದಲ್ಲಿ ನಿಂತು ಕಾಫಿ ಎಲ್ಲಿ ಸಿಗುತ್ತದೆ ಎಂದು ಕೈಸನ್ನೆಯಲ್ಲಿ ಕೇಳುತ್ತಿತ್ತು.

ರುಕ್ಮಯ್ಯ ಬಾಗಿಲ ಕಡೆಗೆ ಸರಿಯುವುದನ್ನು ನಿಲ್ಲಿಸಿದ. ಅವರು ಯಾರು ಎಂದು ಕೇಳಿದ. ಹೆಣ್ಣಿನ ಅಪ್ಪ, ಎಲ್ಡಣ್ಣ ಎಂದರು ಶೆಟ್ಟರು. ಎರಡೇ ದಿನದಲ್ಲಿ ಅವರು ಎಲ್ಡನ್ನನನ್ನು ಊರಿನವನನ್ನಾಗಿ ಮಾಡಿದ್ದರು. ಅವರಿಗೆ ಎಂತದೋ ವಾದ್ಯ ಬರುತ್ತದಂತೆ, ವಿಮಾನದಲ್ಲಿ ಹೊತ್ತು ತಂದಿದ್ದಾರೆ, ಮಗಳ ಮದುವೆಯಲ್ಲಿ ನುಡಿಸಬೇಕೆಂದು ಆಸೆ ಅವರಿಗೆ, ಊಟ ಆದ ಮೇಲೆ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದೇವೆ ಎಂದೂ ಹೇಳಿದರು.

"ನಾನು ಮಾವ ಆಗ್ತೇನೆ ಶೆಟ್ರೆ," ಎಂದ ರುಕ್ಮಯ್ಯ. ಹುಲಿಯ ಬಾಯಿಗೆ ತಾನಾಗಿ ತಲೆ ಕೊಟ್ಟವನ ಮುಖದಲ್ಲಿ ಇಷ್ಟು ಸಂತೋಷವನ್ನು ಯಾರೂ ಕಂಡಿರಲಾರರು.

ಲೆಕ್ಕ ಹಾಕಿ ನೋಡಿದರೆ ಹೆಣ್ಣಿನ ಸೋದರಮಾವನೆಂದರೆ ಎಲ್ಡನ್ನನ ಭಾವನೇ ಆದ ಹಾಗಾಯಿತು. ಎಂಟು ವರ್ಷ ದೂರದಿಂದ ಹೃದಯ ಪಡೆದವನಿಗೆ ಒಂದೇ ಬೆಳಿಗ್ಗೆಯಲ್ಲಿ ಸಂಬಂಧವೇ ಕೂಡಿಬಂದಿತ್ತು. ಹೆಂಡತಿಗೆ ಫೋನ್ ಮಾಡಿ, ನಾನು ಬರುವಾಗ ತಡವಾಗ್ತದೆ, ಸೋದರಮಾವ ಆಗಿದ್ದೇನೆ ಎಂದ. ಯಾರಿಗೆ ಎಂದು ಅವಳು ಕೇಳಿದಳು. ಹೇಳಿದರೆ ಅರ್ಥವಾಗಲಿಕ್ಕಿಲ್ಲವೆಂದು ಫೋನ್ ಇಟ್ಟುಬಿಟ್ಟ.

ಶೆಟ್ಟರು ಅವನನ್ನು ಹೆಣ್ಣಿನ ಕೋಣೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿ ಹೊರಟುಹೋದರು. ಎಲ್ಡನ್ ಎರಡೂ ಕೈಯಿಂದ ಅವನ ಕೈ ಹಿಡಿದು ಏನೋ ಉದ್ದ ಮಾತಾಡಿದ. ರುಕ್ಮಯ್ಯನಿಗೆ ಅದರಲ್ಲಿ ಫ್ಯಾಮಿಲಿ ಎಂಬ ಒಂದು ಶಬ್ದ ಮಾತ್ರ ಸಿಕ್ಕಿತು. ಎಷ್ಟೋ ವರ್ಷದಿಂದ ಕೂಡಿಟ್ಟ ಮಾತುಗಳೆಲ್ಲ ಕನ್ನಡದಲ್ಲಿದ್ದವು. ಟೈಲರ್ ಎಂಬ ಶಬ್ದ ಕೂಡ ಹೊರಡಲಿಲ್ಲ. ಕೊನೆಗೆ "ಸರ್, ಲೆಗ್" ಎಂದು ಎಲ್ಡನ್ನನ ಕಾಲನ್ನು ತೋರಿಸಿ ಕೈಮುಗಿದ.

ಎಲ್ಡನ್ ತನ್ನ ಕಾಲು ನೋಡಿಕೊಂಡ. ಮೊಣಕಾಲಿನವರೆಗೆ ಬರುವ ಚರ್ಮದ ಬೂಟುಗಳು. ಮುಖ ಕೆಂಪಾಯಿತು. ದೇವರ ಕಾರ್ಯದ ಜಾಗದಲ್ಲಿ ಬೂಟು ಹಾಕಿ ನಿಂತದ್ದಕ್ಕೆ ಹೆಂಡತಿಯ ಅಣ್ಣನ ಸ್ಥಾನದಲ್ಲಿರುವವನು ಎಷ್ಟು ವಿನಯದಿಂದ ಎಚ್ಚರಿಸಿದ ಎಂದುಕೊಂಡು, ಸಾರಿ ಸಾರಿ ಎನ್ನುತ್ತಾ ಕುರ್ಚಿಯಲ್ಲಿ ಕೂತು ಬೂಟು ಎಳೆಯತೊಡಗಿದ. ಅದು ಬರುವ ಅಂದಾಜು ಕಾಣಲಿಲ್ಲ. ದೇವರಂಥ ಮನುಷ್ಯ ಬೆವರುವುದನ್ನು ನೋಡಲಾಗದೆ ರುಕ್ಮಯ್ಯ ತಾನೇ ಕೂತು ಎಳೆದ. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದು ಬಂದಾಗ ರುಕ್ಮಯ್ಯ ಬೂಟಿನ ಸಮೇತ ಹಿಂದಿದ್ದ ಮಲ್ಲಿಗೆಯ ಬುಟ್ಟಿಯಲ್ಲಿ ಕೂತಿದ್ದ.

ಸದ್ದಿಗೆ ಓಡಿಬಂದ ಶೆಟ್ಟರು ವಿಷಯ ತಿಳಿದು ಬೆನ್ನು ತಟ್ಟಿದರು. ಬೂಟು ಹಾಕಿಕೊಂಡೇ ಮಂಟಪಕ್ಕೆ ಬರುತ್ತಾರೋ ಏನೋ ಎಂದು ತನಗೂ ಹೆದರಿಕೆ ಇತ್ತು, ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ, ನಿನ್ನಿಂದ ಆಯಿತು ಎಂದರು. ಬೂಟುಗಳನ್ನು ಹೆಣ್ಣಿನ ಸೂಟ್‌ಕೇಸುಗಳ ಪಕ್ಕ ಇಟ್ಟರು.

ಹೀಗೆ ರುಕ್ಮಯ್ಯನಿಗೆ ಎಲ್ಡನ್ನನ ಕಾಲಿನ ದರ್ಶನವೇನೋ ಆಯಿತು. ಆದರೆ ಪೆಡಲಿಲ್ಲದ ಕಾಲು ಕಾಲಲ್ಲ. ಇರಲಿ, ಊಟದ ನಂತರ ಹೇಗೂ ಉಂಟಲ್ಲ ಎಂದು ಸಮಾಧಾನ ಮಾಡಿಕೊಂಡ.

ಹತ್ತು ಗಂಟೆಗೆ ಬೆಳ್ತಂಗಡಿಯಿಂದ ಗಂಡಿನ ದಿಬ್ಬಣ ಬಂತು. ಹಾಲಿನ ಬಾಗಿಲಲ್ಲಿ ಗಂಡಿನ ಕಾಲು ತೊಳೆಯುವುದು ಹೆಣ್ಣಿನ ಕಡೆಯವರ ಕೆಲಸ. ಹೆಣ್ಣಿನ ಕಡೆ ಎಂದರೆ ರುಕ್ಮಯ್ಯ. ಅವನು ತಂಬಿಗೆ ಹಿಡಿದು ಬಗ್ಗಿದವನು ಶೋಧನನ ಕಾಲಿಗೆ ನೀರು ಹಾಕುತ್ತಲೇ ಮೆಲ್ಲಗೆ, ಎಲ್ಡಣ್ಣನಿಗೆ ನನ್ನ ಒಂದು ಮಾತು ಇಂಗ್ಲಿಷಿನಲ್ಲಿ ಹೇಳಬೇಕಿತ್ತು ಎಂದ. ಆ ಕ್ಷಣಕ್ಕೇ ಸ್ಯಾಕ್ಸೋಫೋನಿನವನು ಕೆನ್ನೆ ಉಬ್ಬಿಸಿದ, ಡೋಲಿನವನು ಬಡಿದ. ಶೋಧನನಿಗೆ ಏನೂ ಕೇಳಲಿಲ್ಲ. ಆಯ್ತು ಮಾವ, ಆಯ್ತು ಮಾವ ಎಂದು ತಲೆಯಲ್ಲಾಡಿಸಿ ಒಳಗೆ ಹೋದ.

ಮುಹೂರ್ತದಲ್ಲಿ ರುಕ್ಮಯ್ಯ ಕ್ಲಾರಾಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ಸೀರೆಯಲ್ಲಿ ಹೆಜ್ಜೆಗೊಮ್ಮೆ ಎಡವುತ್ತಿದ್ದ ಆ ಹುಡುಗಿ ಅವನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಮಕ್ಕಳಿಲ್ಲದ ಅವನು ಅವಳಿಗಾಗಿ ತನ್ನ ಹೆಜ್ಜೆಯನ್ನೂ ಸಣ್ಣದು ಮಾಡಿಕೊಂಡ. ಎಲ್ಡನ್ ಬರಿಗಾಲಲ್ಲಿ ನಿಂತು ಧಾರೆ ಎರೆದ. ಹಣೆಗೆ ಕುಂಕುಮ ಹಚ್ಚಿದರೆ ಕೈಮುಗಿದ, ಅಕ್ಷತೆ ಕೊಟ್ಟರೆ ಕೈಮುಗಿದ, ಫೋಟೋದವನು ಆಚೆ ಸರಿಯಿರಿ ಎಂದರೆ ಅದಕ್ಕೂ ಕೈಮುಗಿದ. ಎಲ್ಲವೂ ಇಲ್ಲಿಯ ಕ್ರಮವೆಂದು ಆ ಮನುಷ್ಯ ನಂಬಿಬಿಟ್ಟಿದ್ದ.

ಆ ಮೇಲೆ ಊಟ. ಪಂಕ್ತಿ ಪಂಕ್ತಿಗೂ ಹೋಗಿ, ನಿಧಾನ ಊಟ ಮಾಡಿ ಎಂದು ಕೈಮುಗಿಯುವುದೂ ಹೆಣ್ಣಿನ ಕಡೆಯ ಹಿರಿಯರ ಕೆಲಸ. ಎಲೆಯ ಮುಂದೆ ಕೂತವರಲ್ಲಿ ಅರ್ಧ ಜನ ಸಿದ್ಧಕಟ್ಟೆಯವರು. ಅಮೆರಿಕದಿಂದ ಯಾವಾಗ ಬಂದಿರಿ ಎಂದು ಒಬ್ಬರು ಕೇಳಿದರು. ಭಾವನವರಿಗೆ ಹೇಳಿ ನಮಗೂ ಒಂದು ವೀಸಾ ಮಾಡಿಸು ಎಂದರು ಇನ್ನೊಬ್ಬರು. ನನ್ನ ರವಿಕೆ ನಾಳೆ ಸಿಗುತ್ತದೋ ಇಲ್ಲ ಅಮೆರಿಕಕ್ಕೇ ಬರಬೇಕೋ ಎಂದು ಒಬ್ಬಾಕೆ ಹೋಳಿಗೆ ಮುರಿಯುತ್ತಾ ವಿಚಾರಿಸಿದಳು. ರುಕ್ಮಯ್ಯ ಎಲ್ಲರಿಗೂ ನಿಧಾನ ಊಟ ಮಾಡಿ ಎನ್ನುತ್ತಿದ್ದನಾದರೂ ಎಲ್ಲರೂ ಬೇಗ ಬೇಗ ತಿಂದೇಳಲಿ ಎಂದು ಮನಸ್ಸಿನಲ್ಲಿ ದೇವರಿಗೆ ಹರಕೆ ಹೊರುತ್ತಿದ್ದ.

ಮೂರನೆಯ ಪಂಕ್ತಿಯ ನಡುವೆ ನಿತೇಶ್ ಮಡಚಿದ ಸ್ಯಾಟಿನ್ ಹಿಡಿದುಕೊಂಡು ಬಂದ. ಟೈಲರಣ್ಣ, ಇದೊಂದು ಫ್ರಿಲ್ ಕುರ್ಚಿಯಲ್ಲಿ ಬಿದ್ದಿದೆ, ಎಂತ ಮಾಡುದು ಎಂದು ಕೇಳಿದ. ರುಕ್ಮಯ್ಯನಿಗೆ ತಲೆ ಬಿಸಿಯಾಗಿತ್ತು.

"ಯಾವ ಟೇಬಲ್ ಬರಿಗಾಲಲ್ಲಿ ಉಂಟೋ ಅದಕ್ಕೆ ಕಟ್ಟು ಮಾರಾಯ. ಗಂಟು ಗಟ್ಟಿ ಹಾಕು. ಮತ್ತೆ ನನ್ನನ್ನು ಕೇಳ್ಲಿಕ್ಕೆ ಬರ್ಬೇಡ."

ಊಟದ ನಂತರ ಅರ್ಧ ಗಂಟೆ ಎಂದು ಶೆಟ್ಟರು ಹೇಳಿದ್ದರಲ್ಲ, ಆ ಅರ್ಧ ಗಂಟೆ ಫೋಟೋದ ಸಾಲಿಗೆ ಹೋಯಿತು. ಅಮೆರಿಕದ ಮದುಮಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಜಾಗ ಬಿಡಲೊಪ್ಪಲಿಲ್ಲ. ಕೆಲವರು ಎರಡು ಸಲ ಬಂದರು. ಮೂರು ಗಂಟೆಯಾಯಿತು. ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಹೆಣ್ಣು ಬೆಳ್ತಂಗಡಿಯ ಮನೆಯ ಹೊಸ್ತಿಲು ದಾಟಬೇಕು ಎಂದು ಶೆಟ್ಟರ ಅಕ್ಕ ಪ್ರಫುಲ್ಲಾ ಗಡಿಯಾರ ನೋಡಿ ಎದ್ದು ನಿಂತರು. ಎಲ್ಡನ್ ಬೇಸರ ಮಾಡಿಕೊಳ್ಳಲಿಲ್ಲ. ಮಗಳು ಹುಟ್ಟಿದಾಗಿನಿಂದ ತನ್ನ ವಾದ್ಯ ಕೇಳಿದ್ದಾಳೆ, ಅವಳು ಹೊರಡಲಿ, ಊರಿನವರಿಗಾಗಿ ನುಡಿಸುತ್ತೇನೆ ಎಂದು ವೇದಿಕೆಯ ಮೂಲೆಯಲ್ಲಿ ಪೆಟ್ಟಿಗೆ ಬಿಚ್ಚತೊಡಗಿದ.

ರುಕ್ಮಯ್ಯ ಮುಂದಿನ ಸಾಲಿನ ಕುರ್ಚಿಯೊಂದನ್ನು ಎಳೆದು, ಪೆಡಲುಗಳು ನೇರ ಕಾಣುವ ಹಾಗೆ ಓರೆಯಾಗಿಟ್ಟು ಕೂತ. ಪಕ್ಕದಲ್ಲಿ, ಊರಿನವರೊಟ್ಟಿಗೆ ಮದುವೆಗೆ ಬಂದಿದ್ದ ಲತೇಶ್ ಫೋನ್ ಹಿಡಿದು ಸಿದ್ಧನಾಗಿದ್ದ. ಇವತ್ತು ಗೊತ್ತಾಗ್ತದೆ ನಿನಗೆ, ಕಾಲಲ್ಲಿ ಎಂತ ಉಂಟು ಅಂತ, ಎಂದು ರುಕ್ಮಯ್ಯ ತೊಡೆ ತಟ್ಟಿದ. ಆ ತೊಡೆಯ ಮೇಲೆ ಶೆಟ್ಟರ ಕೈ ಬಿತ್ತು.

"ಕೂತದ್ದೆಂತ ರುಕ್ಮಯ್ಯ? ಏಳು, ಕಾರು ಕಾಯ್ತಾ ಉಂಟು. ನಮ್ಮಲ್ಲಿ ಹೆಣ್ಣಿನ ಅಪ್ಪ ಅಮ್ಮ ಇವತ್ತು ಗಂಡಿನ ಮನೆಗೆ ಬರುವ ಕ್ರಮ ಇಲ್ಲ. ಹೆಣ್ಣು ಒಪ್ಪಿಸಲಿಕ್ಕೆ ಸೋದರಮಾವನೇ ಹೋಗ್ಬೇಕು. ರಾತ್ರಿ ಅಲ್ಲೇ ಇದ್ದು ನಾಳೆ ಮಧ್ಯಾಹ್ನದ ಊಟ ಮಾಡಿ ಬಂದ್ರೆ ಆಯ್ತು."

ರುಕ್ಮಯ್ಯ ಕೈ ಮುಗಿದು ಬೇಡಿದ. ಒಂದೇ ಪದ್ಯ, ಹತ್ತೇ ನಿಮಿಷ, ಆಮೇಲೆ ಬೇಕಾದರೆ ಬೆಳ್ತಂಗಡಿಗೆ ಓಡಿಕೊಂಡೇ ಬರುತ್ತೇನೆ ಎಂದ. ಹಾಗಾದರೆ ನಾಳೆಯಾದರೂ ಎಲ್ಡಣ್ಣ ಸಿಗುತ್ತಾರೋ ಎಂದ. ನಾಳೆ ಬೆಳಿಗ್ಗೆ ಅವರ ವಿಮಾನ ಎಂದ ಶೆಟ್ಟರು, ಇವನ ಕಣ್ಣು ತುಂಬಿದ್ದನ್ನು ನೋಡಿ ತಾವೂ ಕಣ್ಣೊರೆಸಿಕೊಂಡರು. ಬಾಡಿಗೆಗೆ ನಿಂತ ಮಾವನಿಗೂ ಹೆಣ್ಣು ಕಳಿಸುವಾಗ ಇಷ್ಟು ಸಂಕಟವಾಗುತ್ತದಲ್ಲ, ನೋಡಿ ಕಲಿಯಬೇಕು ಎಂದು ಸುತ್ತಲಿನವರಿಗೆ ಹೇಳಿದರು. ನಾಲ್ಕು ಜನ ಸೇರಿ ರುಕ್ಮಯ್ಯನನ್ನು ಸಮಾಧಾನ ಮಾಡುತ್ತಾ ಕಾರಿಗೆ ಹತ್ತಿಸಿದರು. ಬಾಗಿಲು ಮುಚ್ಚುವಾಗ ಒಳಗಿನಿಂದ ತಂತಿ ಸರಿಮಾಡುವ ಒಂದು ಸ್ವರ ಕೇಳಿಸಿತು. ಅಷ್ಟೇ ಅವನ ಪಾಲಿಗೆ ಬಂದದ್ದು.

ಕಾರು ಹನೀಫನದು. ಹಿಂದೆ ಗಂಡು ಹೆಣ್ಣು, ಮುಂದೆ ರುಕ್ಮಯ್ಯ. ಸಾಮಾನಿನಲ್ಲಿ ಜಾಗ ಸಾಲದೆ ಯಾರೋ ಒಂದು ಚೀಲವನ್ನು ಅವನ ಕಾಲ ಬುಡದಲ್ಲಿಟ್ಟಿದ್ದರು. ನೋಡಿದರೆ ಎಲ್ಡನ್ನನ ಬೂಟುಗಳು. ಹೆಣ್ಣಿನ ಸಾಮಾನೆಂದು ತಿಳಿದು ತಂದು ಹಾಕಿದ್ದರು. ಪಾದ ಸಿಗದವನಿಗೆ ಪಾದುಕೆಯಾದರೂ ಸಿಕ್ಕಿತು ಎಂದು ರುಕ್ಮಯ್ಯ ಅದನ್ನೇ ನೋಡುತ್ತಾ ಕೂತ.

ಹೊಸಂಗಡಿ ದಾಟುವಾಗ ಲತೇಶನ ವಿಡಿಯೋ ಕಾಲ್ ಬಂತು. ಹಾಲಿನಲ್ಲಿ ಗದ್ದಲ. ಎಲ್ಡನ್ ಮೈಕ್ ಹಿಡಿದು ಮಾತಾಡುತ್ತಿದ್ದ. ಶೋಧನ್ ಹಿಂದಿನಿಂದ ಬಗ್ಗಿ ಕೇಳಿ ಕನ್ನಡದಲ್ಲಿ ಹೇಳತೊಡಗಿದ. ಈ ದೇಶದಲ್ಲಿ ನನಗೆ ಒಬ್ಬ ಕೇಳುಗ ಇದ್ದಾನೆ, ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಎಂಟು ವರ್ಷ ಒಂದು ವಾರವೂ ತಪ್ಪದೆ ನನ್ನ ಕಾಲು ತೋರಿಸಲು ಕೇಳಿದ್ದಾನೆ. ಎಲ್ಲರೂ ನಕ್ಕರು, ನನಗೆ ಮಾತ್ರ ಗೊತ್ತಿತ್ತು, ಅವನೊಬ್ಬನಿಗೇ ಈ ವಾದ್ಯ ಅರ್ಥವಾದದ್ದು ಎಂದು. ಹಳೆಯ ಕ್ಯಾಮರಾ ಕೆಳಗೆ ಬಾಗುತ್ತಿರಲಿಲ್ಲ, ಇಲ್ಲದಿದ್ದರೆ ಯಾವಾಗಲೋ ತೋರಿಸುತ್ತಿದ್ದೆ. ಇವತ್ತು ಅವನ ದೇಶದಲ್ಲಿ ಕೂತಿದ್ದೇನೆ. ನ್ಯೂ ಸ್ಟೈಲ್ ಟೈಲರ್ಸ್ ಎಂದು ಅವನ ಹೆಸರು.

ಹಾಲಿನಲ್ಲಿದ್ದ ಸಿದ್ಧಕಟ್ಟೆ ಎದ್ದು ನಿಂತಿತು. ಅದು ನಮ್ಮ ರುಕ್ಮಯ್ಯ ಎಂದು ಹತ್ತಾರು ಜನ ಒಟ್ಟಿಗೆ ಹೇಳಿದರು. ಶೆಟ್ಟರು ಮೈಕ್ ಕಸಿದುಕೊಂಡು, ಅವನು ಹೆಣ್ಣಿನ ಜೊತೆ ಹೋಗಿದ್ದಾನೆ, ಅವನೇ ನಿಮ್ಮ ಭಾವ ಎಂದು ತಮಗೆ ಬಂದ ಇಂಗ್ಲಿಷಿನಲ್ಲಿ ತಿಳಿಸಿದರು. ಎಲ್ಡನ್ ಟೊಪ್ಪಿ ತೆಗೆದು ಎದೆಗಿಟ್ಟುಕೊಂಡ. ಬೆಳಿಗ್ಗೆ ಬೂಟು ಕಳಚಿಸಿದವನೇ ಎಂದು ಕೇಳಿ ಗಟ್ಟಿಯಾಗಿ ನಕ್ಕ. ಆಮೇಲೆ ಲತೇಶನ ಕಡೆ ತಿರುಗಿ, ಮುಖ ಬೇಡ, ಕೈ ಬೇಡ, ನುಡಿಸಿ ಮುಗಿಸುವವರೆಗೆ ಕ್ಯಾಮರಾವನ್ನು ಕಾಲಿಗೇ ಹಿಡಿ, ಇದು ನನ್ನ ಭಾವನಿಗೆ ಎಂದ.

ರುಕ್ಮಯ್ಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದ. ನಾದ ಎದ್ದಿತು. ಹಿಂದೆ ಕ್ಲಾರಾ ಮೂಗು ಒರೆಸಿಕೊಂಡಳು. ಕ್ಯಾಮರಾ ಮೆಲ್ಲಗೆ ಟೊಪ್ಪಿಯಿಂದ ಕೈಗೆ, ಕೈಯಿಂದ ತಂತಿಗೆ, ತಂತಿಯಿಂದ ಕೆಳಕ್ಕೆ ಇಳಿಯಿತು. ಇಳಿದು ನಿಂತಿತು.

ಅಲ್ಲಿ ಕಂಡದ್ದು ಮೆರೂನ್ ಸ್ಯಾಟಿನ್. ಒಂದೊಂದು ನೆರಿಗೆ ಒಂದೊಂದು ಬೆರಳಿನಗಲ, ಎದುರಿಗೂ ಎರಡು ಬದಿಗೂ, ಬಟ್ಟೆ ಉಳಿಯಿತೆಂದು ಎರಡು ಪದರ ಮಾಡಿ, ನೆಲಕ್ಕೆ ತಾಗುವಂತೆ ಕಟ್ಟಿದ್ದರು. ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತಿದ್ದ ಒಂದೇ ಒಂದು ಟೇಬಲನ್ನು ನಿತೇಶ್ ಕಂಡುಹಿಡಿದಿದ್ದ. ಕಟ್ಟಿಸಿಕೊಳ್ಳುವಾಗ ಎಲ್ಡನ್ ಇದೂ ಒಂದು ಕ್ರಮವೆಂದು ಕೈಮುಗಿದಿರಬೇಕು.

"ಆ ಬಟ್ಟೆ ಎಳೆದು ತೆಗಿ ಮಾರಾಯ," ಎಂದ ರುಕ್ಮಯ್ಯ. ಸ್ವರ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

ಒಂದು ಕೈ ಬಂದು ಲಾಡಿಯನ್ನು ಜಗ್ಗಿತು. ಇನ್ನೊಮ್ಮೆ ಜಗ್ಗಿತು. ಆನೆ ಎಳೆದರೂ ಹರಿಯದ ಲಾಡಿ, ಎರಡೆರಡು ಹೊಲಿಗೆ. ಬರುದಿಲ್ಲ ರುಕ್ಮಯಣ್ಣ, ವಾದ್ಯವೇ ಅಲ್ಲಾಡ್ತದೆ, ನಾನು ಹಿಂದಿನಿಂದ ಹೋಗಿ ತೋರಿಸ್ತೇನೆ ಎಂದ ಲತೇಶ್. ಚಿತ್ರ ಅಲುಗಾಡಿತು, ಹೂವಿನ ಅಲಂಕಾರ ಕಂಡಿತು, ಗೋಡೆ ಕಂಡಿತು, ಎಲ್ಡನ್ನನ ಬೆನ್ನು ಕಂಡಿತು. ಕಾರು ವೇಣೂರು ದಾಟಿ ಮರಗಳ ನಡುವಿನ ತಿರುವಿಗೆ ಇಳಿಯಿತು. ಫೋನಿನಲ್ಲಿ ಒಂದು ಸಣ್ಣ ಚಕ್ರ ತಿರುಗತೊಡಗಿತು.

ಆ ಚಕ್ರ ಗುರುವಾಯನಕೆರೆಯವರೆಗೂ ತಿರುಗಿತು. ಮತ್ತೆ ಸಂಪರ್ಕ ಸಿಕ್ಕಿದಾಗ ಹಾಲಿನಲ್ಲಿ ಚಪ್ಪಾಳೆ ನಿಂತು ಐಸ್‌ಕ್ರೀಮಿಗೆ ಸಾಲು ಶುರುವಾಗಿತ್ತು. ಲತೇಶನ ಸ್ವರದಲ್ಲಿ ಭಕ್ತಿ ಇತ್ತು.

"ನೀವು ಹೇಳಿದ್ದೇ ಸರಿ ರುಕ್ಮಯಣ್ಣ. ಕಣ್ಣಾರೆ ನೋಡಿದೆ. ಎಲ್ಲ ಇರುದು ಆ ಕಾಲಲ್ಲೇ."

ಎಡ ಮೊಣಕಾಲು ಎಂತ ಮಾಡುತ್ತದೆ ಎಂದು ರುಕ್ಮಯ್ಯ ಕೇಳಿದ. ಅದನ್ನು ತಾನು ಗಮನಿಸಲಿಲ್ಲ, ಬೂಟು ಕಾಣೆಯಾಗಿದೆಯೆಂದು ಬರಿಗಾಲಲ್ಲೇ ನುಡಿಸಿದರು, ಎಷ್ಟು ಬೆಳ್ಳಗಿನ ಪಾದ ಎಂದು ನೋಡುತ್ತಾ ನಿಂತುಬಿಟ್ಟೆ ಎಂದ ಲತೇಶ್. ವಿಡಿಯೋ ಮಾಡಿಟ್ಟಿದ್ದಾನೋ ಎಂದರೆ, ಇಲ್ಲ, ನಿಮಗೆ ನೇರ ತೋರಿಸುತ್ತಿದ್ದೇನಲ್ಲ ಎಂದು ಬೇರೆ ಮಾಡಲಿಲ್ಲ ಎಂದ.

ರುಕ್ಮಯ್ಯ ಫೋನನ್ನು ಕಿಸೆಗೆ ಹಾಕಿದ. ಕಾಲ ಬುಡದ ಬೂಟುಗಳನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ. ಇಷ್ಟು ಹೊತ್ತು ಒಂದು ಮಾತೂ ಆಡದೆ ಕಾರು ಓಡಿಸುತ್ತಿದ್ದ ಹನೀಫ ಈಗ ಮೆಲ್ಲಗೆ ಕೆಮ್ಮಿದ. ಆ ಫೋನಿನಲ್ಲಿ ಕಂಡ ಫ್ರಿಲ್ಲನ್ನು ಅವನು ಓರೆಗಣ್ಣಿನಲ್ಲಿ ನೋಡಿದ್ದ.

"ಅದು ನಿಮ್ಮದೇ ಹೊಲಿಗೆಯಾ ಟೈಲರಣ್ಣ? ಭಾರೀ ಚಂದ ಉಂಟು. ಮುಂದಿನ ತಿಂಗಳು ನನ್ನ ತಂಗಿಯ ಮದುವೆ. ಅಂಥದ್ದೇ ಒಂದು ಇಪ್ಪತ್ತು ಹೊಲಿದು ಕೊಡಿ."

ರುಕ್ಮಯ್ಯ ಕಣ್ಣು ಬಿಡಲಿಲ್ಲ.

"ಕೊಡ್ತೇನೆ. ಮೊದಲು ನೀನೇ ಹೋಗಿ ಟೇಬಲ್ ಎಣಿಸಿ ಬಾ," ಎಂದ.